ಮೀಡಿಯಂ ಸೈಜಿನ ಹಿಂದೆ ಓಡುವುದನ್ನು ಬಿಟ್ಟ ಮೇಲೆ

2020ರ ಸೆಪ್ಟೆಂಬರ್‌ನಿಂದ ಮರುವರ್ಷದ ಜೂನ್‌ವರೆಗೆ ನಮ್ಮ ಆಸ್ಪತ್ರೆಯ ಯಾವ ವಾರ್ಡಿನಲ್ಲೂ ಗ್ಲೌಸ್ ಇಲ್ಲವೆಂದು ಕೆಲಸ ನಿಂತಿಲ್ಲ. ಇನ್ನೂರು ಚಿಲ್ಲರೆ ಹಾಸಿಗೆಗಳ ಆಸ್ಪತ್ರೆ, ಅರ್ಧಕ್ಕಿಂತ ಹೆಚ್ಚು ಕೋವಿಡ್ ರೋಗಿಗಳು. ಸ್ಟೋರ್ ನಡೆಸಿದವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೇಕಾದಷ್ಟನ್ನೇ, ಸರಿಯಾದ ಸೈಜಿನಲ್ಲಿ, ತೂಗಿ ನೋಡಿ ಕೊಳ್ಳುವ ನನ್ನ ವಿಧಾನವನ್ನು ಮೊದಲು ಮುಂದಿಟ್ಟಾಗ ಖರೀದಿ ಸಮಿತಿಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಸಿಕ್ಕಷ್ಟು ಕೊಂಡು ತುಂಬಿಸಿ, ಲೆಕ್ಕ ಆಮೇಲೆ ನೋಡೋಣ" ಎಂಬುದೇ ಎಲ್ಲರ ವಾದವಾಗಿತ್ತು.

ಮೊದಲ ಐದು ತಿಂಗಳು ನಾನೂ ಹಾಗೆಯೇ ಮಾಡಿದೆ, ಕೈ ಸುಟ್ಟುಕೊಂಡೆ. 2020ರ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಎದುರಿಸಲು ಜಗತ್ತಿಗೆ ತಿಂಗಳಿಗೆ 7.6 ಕೋಟಿ ಗ್ಲೌಸ್ ಬೇಕಾಗುತ್ತದೆ ಎಂದು ಹೇಳಿತ್ತು. ಆಗ ಜಗತ್ತಿನ ಗ್ಲೌಸ್‌ಗಳಲ್ಲಿ ಹೆಚ್ಚಿನ ಪಾಲು ಬರುತ್ತಿದ್ದುದು ಮಲೇಷ್ಯಾ ಒಂದರಿಂದಲೇ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಗ್ಲೌಸ್ ದರ ಹಳೆಯ ದರದ ಐದು ಪಟ್ಟಾಯಿತು, ಒಂದು ವಾರ ಆರು ಪಟ್ಟೂ ಆಗಿತ್ತು. ಹಳೆಯ ವಿತರಕರು "ಮುಂದಿನ ತಿಂಗಳು" ಎನ್ನುತ್ತಿದ್ದರು. ಹೆಸರೇ ಕೇಳದ ಮಧ್ಯವರ್ತಿಗಳು "ನಾಳೆಯೇ" ಎನ್ನುತ್ತಿದ್ದರು. ಅಂಥ ಒಬ್ಬರಿಗೆ ಬಿಲ್ಲಿನ ಶೇ. 40ರಷ್ಟು ಮುಂಗಡ ಕೊಟ್ಟೆವು. ಮಾಲು ಬರಲಿಲ್ಲ. ಎಂಟು ತಿಂಗಳು ಬೆನ್ನು ಹತ್ತಿದ ಮೇಲೆ ಸುಮಾರು ಅರ್ಧ ಹಣ ವಾಪಸಾಯಿತು, ಉಳಿದದ್ದು ಹೋಯಿತು. ಆ ಕಡತಕ್ಕೆ ಸಹಿ ಹಾಕಿದವನು ನಾನು. ಅನೇಕ ರಾತ್ರಿ ನಿದ್ದೆ ಬಂದಿರಲಿಲ್ಲ.

ಎರಡನೆಯ ಪೆಟ್ಟು ಮಾಲು ಬಂದೇ ಬಿದ್ದದ್ದು. ಡಬ್ಬಿಯ ಮೇಲೆ ನೈಟ್ರೈಲ್ ಎಂದಿತ್ತು, ಬಣ್ಣವೂ ನೀಲಿ. ಬೆರಳ ತುದಿ ಹಿಡಿದು ಎಳೆದರೆ ಎಳೆದಷ್ಟಕ್ಕೇ ನಿಂತಿತು, ಹಿಂದಕ್ಕೆ ಸೇರಲಿಲ್ಲ. ವಿನೈಲ್, ಅಂದರೆ ಪ್ಲಾಸ್ಟಿಕ್! ಅದೇ ಲಾಟಿನ ಕೆಲವು ಡಬ್ಬಿಗಳು ಕೈಗೆ ಹಗುರ ಅನ್ನಿಸಿದವು. ಪ್ರಯೋಗಾಲಯದ ತಕ್ಕಡಿಗಿಟ್ಟು ನೋಡಿದೆ. ನಾವು ತರಿಸುವ ಮೀಡಿಯಂ ನೈಟ್ರೈಲ್ ಒಂದಕ್ಕೆ ಮೂರೂವರೆ ಗ್ರಾಂ ಆಸುಪಾಸು, ನೂರಕ್ಕೆ 350 ಗ್ರಾಂ ಬರಬೇಕು. ಇವು 300ರ ಹತ್ತಿರವೇ ನಿಂತವು. ಬಿಚ್ಚಿ ಎಣಿಸಿದರೆ ಒಂದರಲ್ಲಿ 86, ಇನ್ನೊಂದರಲ್ಲಿ 88. ಅಂದಿನಿಂದ ತೂಗದೆ ಒಂದು ಪೆಟ್ಟಿಗೆಯನ್ನೂ ಒಳಗೆ ಬಿಟ್ಟಿಲ್ಲ. ಪ್ರತಿ ಲಾಟಿನಿಂದ ಕೆಲವನ್ನು ತೆಗೆದು ಒಂದು ಲೀಟರ್ ನೀರು ತುಂಬಿಸಿ ಎರಡು ನಿಮಿಷ ತೂಗುಹಾಕುತ್ತೇವೆ. ಇದು ಎಲ್ಲರಿಗೂ ತಿಳಿದ ಪರೀಕ್ಷೆ. ಯಾವ ಡಬ್ಬಿಗಳನ್ನು ಆರಿಸಿ ಬಿಚ್ಚುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಬಯಲಾದರೆ ಮೋಸ ಮಾಡುವವರು ಆ ಡಬ್ಬಿಗಳನ್ನಷ್ಟೇ ಸರಿಯಾಗಿ ತುಂಬುತ್ತಾರೆ.

ದಾರಿ ತೋರಿಸಿದ್ದು ಮಾರುಕಟ್ಟೆಯಲ್ಲ, ಒಂದು ಬಕೆಟ್. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಒಂದು ದಿನ ಕೇಳಿದರು: "ಸರ್, ನೀವು ಕೊಡುವ ಗ್ಲೌಸ್‌ನಲ್ಲಿ ಎಷ್ಟು ರೋಗಿಯನ್ನು ಮುಟ್ಟುವ ಮೊದಲೇ ಹರಿಯುತ್ತವೆ ಗೊತ್ತೇ?" ನನಗೆ ಗೊತ್ತಿರಲಿಲ್ಲ. ತೊಡುವಾಗಲೇ ಹರಿದದ್ದನ್ನು ಹಾಕಲು ಪ್ರತಿ ವಾರ್ಡಿನಲ್ಲೂ ಬೇರೆ ಬಕೆಟ್ ಇಡಿಸಿದೆ. ಹತ್ತು ದಿನ ಎಣಿಸಿದೆವು. ನೂರಕ್ಕೆ ಹದಿನಾಲ್ಕು! ಆಮೇಲೆ ಬಾಗಿಲ ಬಳಿ ನಿಂತು ಕಣ್ಣಾರೆ ನೋಡಿದೆ. ಸ್ಯಾನಿಟೈಸರ್ ಹಚ್ಚಿಕೊಂಡ ಕೈ ಆರುವ ಮೊದಲೇ ಗ್ಲೌಸ್ ಎಳೆಯುತ್ತಾರೆ. ಒದ್ದೆ ಬೆರಳು ನಡುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಜಗ್ಗಿದರೆ ಮಣಿಕಟ್ಟಿನ ಅಂಚು ಸೀಳುತ್ತದೆ. ದೊಡ್ಡ ಕೈಯವರಿಗೆ ಮೀಡಿಯಂ ಬಿಗಿ, ಹರಿಯುತ್ತದೆ. ಸಣ್ಣ ಕೈಯವರಿಗೆ ಅದು ಸಡಿಲ. ಬೆರಳ ತುದಿ ಟೇಪಿಗೆ ಅಂಟಿಕೊಂಡು ಬದಲಿಸಬೇಕಾಗುತ್ತದೆ. ನಾವು ವರ್ಷಗಳಿಂದ ಮೀಡಿಯಂ ಬಿಟ್ಟು ಬೇರೆ ತರಿಸುತ್ತಲೇ ಇರಲಿಲ್ಲ.

ಎಲ್ಲ ಸಿಬ್ಬಂದಿಯ ಅಂಗೈ ಅಳೆಸಿದೆ. ನರ್ಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸ್ಮಾಲ್ ಬೇಕಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು: ಎಲ್ಲ ಆಸ್ಪತ್ರೆಗಳೂ ಮೀಡಿಯಂಗೆ ಮುಗಿಬಿದ್ದಿದ್ದರಿಂದ ವಿತರಕರ ಗೋದಾಮಿನಲ್ಲಿ ಸ್ಮಾಲ್ ಮತ್ತು ಲಾರ್ಜ್ ಉಳಿದುಕೊಂಡಿದ್ದವು. ಹಳೆಯ ವಿತರಕರನ್ನೇ ಕರೆಸಿ, ಮಾಲು ತಪಾಸಣೆಯಲ್ಲಿ ತೇರ್ಗಡೆಯಾದ ಏಳು ದಿನದೊಳಗೆ ಪೂರ್ತಿ ಹಣ ಕೊಡುತ್ತೇವೆ, ಮುಂಗಡ ಒಂದು ಪೈಸೆ ಇಲ್ಲ ಎಂದೆ. ಅಲ್ಲಿಯವರೆಗೆ ಅವರ ಬಿಲ್ಲುಗಳನ್ನು ನಾವು ತೊಂಬತ್ತು ದಿನ ಕಾಯಿಸುತ್ತಿದ್ದೆವು. ಲೆಕ್ಕಪತ್ರ ವಿಭಾಗದವರು ನನ್ನ ಮೇಲೆ ಹರಿಹಾಯ್ದರು. ಆದರೆ ಎಲ್ಲರೂ ಬಾಕಿ ಉಳಿಸಿಕೊಂಡ ಕಾಲದಲ್ಲಿ ವಾರದಲ್ಲಿ ಹಣ ಕೊಡುವವರ ಬಾಗಿಲಿಗೆ ಲಾರಿ ಮೊದಲು ಬರುತ್ತದೆ. ಹಾಗೆಯೇ ಆಯಿತು. ಮಾತುಕತೆಯಲ್ಲಿ ಇನ್ನೂ ಒಂದು ಷರತ್ತು ಇತ್ತು, ಅದು ನಮ್ಮಿಬ್ಬರ ನಡುವಿನದು.

ಬೇರೆ ಪ್ರಯೋಗಗಳೂ ನಡೆದವು. ಹಿಂದಿನ ಕಾಲದಲ್ಲಿ ಲೇಟೆಕ್ಸ್ ಗ್ಲೌಸ್ ತೊಳೆದು, ಒಣಗಿಸಿ, ಪೌಡರ್ ಹಾಕಿ ಆಟೋಕ್ಲೇವ್ ಮಾಡುತ್ತಿದ್ದುದನ್ನು (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುತ್ತಿದ್ದುದನ್ನು) ಹಿರಿಯ ಸಿಸ್ಟರ್ ನೆನಪಿಸಿದರು. ಇಪ್ಪತ್ತು ಜೊತೆ ಮಾಡಿ ನೋಡಿದೆವು. ಇಂದಿನ ತೆಳು ಪರೀಕ್ಷಾ ಗ್ಲೌಸ್ ಒಂದಕ್ಕೊಂದು ಅಂಟಿ ಮುದ್ದೆಯಾಯಿತು, ಅಲ್ಲಿಗೇ ಕೈಬಿಟ್ಟೆವು. ತೀರಾ ಕೊರತೆಯಿದ್ದಾಗ ತೊಟ್ಟ ಗ್ಲೌಸ್ ಮೇಲೆಯೇ ಆಲ್ಕೋಹಾಲ್ ಸ್ಯಾನಿಟೈಸರ್ ಅನ್ನು ಆರು ಸಲದವರೆಗೆ ಹಚ್ಚಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿತ್ತು. ನಮ್ಮಲ್ಲಿದ್ದ ಮಾಲು ನಾಲ್ಕನೆಯ ಸಲಕ್ಕೇ ಅಂಟಂಟಾಯಿತು. ಮೂರಕ್ಕೆ ನಿಲ್ಲಿಸಿದೆವು, ಅದೂ ನಾಲ್ಕೈದು ದಿನ ಮಾತ್ರ. ಸ್ಟೋರಿನ ಒಂದು ಮೂಲೆಯ ಡಬ್ಬಿಗಳು ಮಾತ್ರ ಬಿರುಕು ಬಿಡುತ್ತಿದ್ದುದಕ್ಕೆ ಕಾರಣ ಹುಡುಕಲು ಒಂದು ತಿಂಗಳು ಹಿಡಿಯಿತು. ಗೋಡೆಯಾಚೆ ನೀರೆತ್ತುವ ಮೋಟರ್ ಇತ್ತು, ಕಿಂಡಿ ತೆರೆದೇ ಇತ್ತು. ಮೋಟರಿನಿಂದ ಹೊರಡುವ ಓಝೋನ್ ರಬ್ಬರನ್ನು ತಿನ್ನುತ್ತದೆ. ದಾಸ್ತಾನನ್ನು ಆಚೆ ಕೋಣೆಗೆ ಸಾಗಿಸಿದ ಮೇಲೆ ಬಿರುಕು ನಿಂತಿತು.

ಕಂಪ್ಯೂಟರ್ ಮುಂದೆ, ಫೋನಿನಲ್ಲಿ, ಖಾಲಿ ಟ್ರಾಲಿ ತಳ್ಳುವಾಗ ಗ್ಲೌಸ್ ಬೇಡ ಎಂಬ ನಿಯಮಕ್ಕೆ ವೈದ್ಯರೇ ಹೆಚ್ಚು ತಕರಾರು ಮಾಡಿದರು. ಸೋಂಕು ನಿಯಂತ್ರಣ ತಂಡ ನನ್ನ ಜೊತೆ ನಿಂತಿತು. ದಿನಕ್ಕೆ ಹನ್ನೊಂದು ಸಾವಿರದ ಹತ್ತಿರವಿದ್ದ ಬಳಕೆ ಆರು ಸಾವಿರಕ್ಕೆ ಇಳಿಯಿತು. ಕೈತೊಳೆಯುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನವೆಂಬರ್‌ನಲ್ಲಿ ಮಲೇಷ್ಯಾದ ಕ್ಲಾಂಗ್ ಬಳಿಯ ಕಾರ್ಮಿಕರ ವಸತಿಗಳಲ್ಲಿ ಸೋಂಕು ಹರಡಿ 28 ಗ್ಲೌಸ್ ಕಾರ್ಖಾನೆಗಳನ್ನು ಹಂತಹಂತವಾಗಿ ಮುಚ್ಚಲು ಅಲ್ಲಿನ ಸರ್ಕಾರ ಆದೇಶಿಸಿದಾಗ ಎಲ್ಲೆಡೆ ಹಾಹಾಕಾರ. ನಮ್ಮಲ್ಲಿ ಆಗ 24 ದಿನಗಳ ದಾಸ್ತಾನು ಇತ್ತು, ಮೂರೂ ಸೈಜಿನಲ್ಲಿ.

ಬೆಲೆ ಕುಸಿದಾಗ ನನ್ನ ಬಳಿ ಏರಿದ ದರದ ಮಾಲು ಮೂರು ವಾರದ್ದಷ್ಟೇ ಉಳಿದಿತ್ತು. ಸಿಕ್ಕಷ್ಟು ತುಂಬಿಸಿಕೊಂಡಿದ್ದ ಇನ್ನೊಂದು ಆಸ್ಪತ್ರೆಯ ಸ್ಟೋರಿನವರು ಎಂಟು ತಿಂಗಳಿಗಾಗುವಷ್ಟು ಮೀಡಿಯಂ ಇಟ್ಟುಕೊಂಡು ಫೋನ್ ಮಾಡಿದರು. ಹೋಗಿ ತೂಗಿದೆ, ನೀರು ತುಂಬಿಸಿ ನೋಡಿದೆ, ಮಾಲು ಚೆನ್ನಾಗಿತ್ತು. ಅಂದಿನ ದರಕ್ಕೆ ಮೂವತ್ತು ಪೆಟ್ಟಿಗೆ ತಂದೆ.