"ಹುಳ ಸಾಕಿದಂಗಾ ಮಗು ಸಾಕೋದು?"

ವರ್ಷ ತುಂಬಿದಾಗ ನಮ್ಮ ಮಗಳ ತೂಕ ಏಳು ಕೇಜಿ ಚಿಲ್ಲರೆ. ಮಗುವಿನ ತೂಕ ಬರೆದಿಡುವ ತಾಯಿ ಕಾರ್ಡಿನಲ್ಲಿ ಗೆರೆ ಹಸಿರು ಬಿಟ್ಟು ಹಳದಿಗೆ ಇಳಿಯುವ ಅಂಚಿನಲ್ಲಿತ್ತು. ಅದೇ ತಿಂಗಳು ನನ್ನ ಹೆಂಡತಿ ಮತ್ತೆ ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದರೆ ವಾಪಸ್ ಬರುವುದು ಸಂಜೆ ಆರಕ್ಕೆ. ನಾನು ರೇಷ್ಮೆ ಹುಳ ಸಾಕುವವನು, ಹೇಗಿದ್ದರೂ ಮನೆಯಲ್ಲೇ ಇರುತ್ತೇನಲ್ವಾ? ಮಗುವಿನ ಊಟ ನನ್ನ ಪಾಲಿಗೆ ಬಂತು.

ಆಗಿನ ಕಥೆ ಹೇಳಿಬಿಡುತ್ತೇನೆ. ದಿನಕ್ಕೆ ನಾಲ್ಕೈದು ಬಾಟ್ಲಿ ಹಾಲು. ಸ್ವಂತ ಹಸು, ಹಾಗಾಗಿ ಲೆಕ್ಕ ಇಟ್ಟವರೇ ಇಲ್ಲ. ನಡುನಡುವೆ ನೀರಾದ ರಾಗಿ ಸರಿ. ಅದರ ಮೇಲೆ ಡಬ್ಬದ ಪುಡಿ, ತಿಂಗಳಿಗೆ ಮೂರು ಡಬ್ಬ, ಸಾವಿರಕ್ಕೆ ಮೇಲೆ ಖರ್ಚು. ರೇಷ್ಮೆ ಗೂಡಿನ ರೇಟು ಬಿದ್ದಿದ್ದ ಕಾಲ ಬೇರೆ. ಇಷ್ಟಾದರೂ ಮಗು ತುತ್ತು ಬಾಯಿಗಿಟ್ಟರೆ ಉಗಿಯುತ್ತಿತ್ತು. ಮೂರು ದಿನಕ್ಕೊಮ್ಮೆ ಕಕ್ಕಸ್ಸು, ಅದೂ ಅತ್ತುಕೊಂಡು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಮ್ಮಿ ಇದೆ, ಹಾಲು ಅರ್ಧ ಲೀಟರ್ ದಾಟಬಾರದು ಅಂದರು. ಬರೀ ಹಾಲಲ್ಲೇ ಹೊಟ್ಟೆ ತುಂಬಿಸಿದರೆ ಕಬ್ಬಿಣದ ಅಂಶ ಸಿಗುವುದಿಲ್ಲವಂತೆ. ಅವರು ಬರೆದುಕೊಟ್ಟ ಡ್ರಾಪ್ಸ್ ಒಂದು ದಿನವೂ ತಪ್ಪಿಸಲಿಲ್ಲ. ಅದನ್ನು ಮಾತ್ರ ನೀವೂ ತಪ್ಪಿಸಬೇಡಿ.

ಚಾಕಿ ಹುಳಕ್ಕೆ, ಅಂದರೆ ಮರಿ ರೇಷ್ಮೆ ಹುಳಕ್ಕೆ, ಎಳೇ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತೇವೆ. ಹಾಕಿದ್ದು ತಿನ್ನುವ ಮುಂಚೆ ಮೇಲೆ ಮೇಲೆ ಸುರಿದರೆ ಹಾಸಿಗೆ ಒದ್ದೆಯಾಗಿ ರೋಗ ಬರುತ್ತದೆ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಅಲ್ಲಾಡದೆ ನಿಂತಾಗ, ಸೊಪ್ಪೇ ಇಲ್ಲ. ಮಗುವಿಗೂ ನಾವು ಮೇಲೆ ಮೇಲೆ ಸುರಿಯುತ್ತಿದ್ದೇವೆ ಅನ್ನಿಸಿತು. ಬಾಟ್ಲಿ ಎತ್ತಿಟ್ಟೆ. ಹಗಲು ಹಾಲು ಎರಡೇ ಸಲ, ಅದೂ ಲೋಟದಲ್ಲಿ. ರಾತ್ರಿ ತಾಯಿ ಹಾಲು ಇದ್ದೇ ಇತ್ತು. ಊಟಕ್ಕೂ ಊಟಕ್ಕೂ ಮೂರು ಗಂಟೆ ಬಿಡುವು, ಮಧ್ಯೆ ನೀರು ಬಿಟ್ಟರೆ ಏನೂ ಇಲ್ಲ. ಅಮ್ಮ ಸಿಡಿದರು: "ಅದೇನ್ ಹುಳ ಸಾಕಿದಂಗಾ ಮಗು ಸಾಕೋದು?" ಅತ್ತೆ ಫೋನಿನಲ್ಲಿ ಅತ್ತೇಬಿಟ್ಟರು. ಮೊದಲ ನಾಲ್ಕು ದಿನ ಮಗುವೂ ಅತ್ತಿತು, ಸುಳ್ಳು ಹೇಳಲ್ಲ. ಐದನೇ ದಿನ ಮಧ್ಯಾಹ್ನ ನನ್ನ ತಟ್ಟೆಗೇ ಕೈ ಹಾಕಿತು. ಉಳಿದ ಹಾಲು ಡೇರಿಗೆ ಹೋಯಿತು, ಅದೂ ಲಾಭವೇ.

ಇನ್ನು ರಾಗಿ ಸರಿ ವಿಷಯ. ಹಿಟ್ಟು ಜಾಸ್ತಿ ಹಾಕಿದರೆ ಸರಿ ಮುದ್ದೆಯಂತಾಗಿ ಮಗು ನುಂಗುವುದಿಲ್ಲ. ನೀರು ಮಾಡಿದರೆ ಇಷ್ಟೇ ಇಷ್ಟು ಹೊಟ್ಟೆಯಲ್ಲಿ ನೀರೇ ತುಂಬುತ್ತದೆ. ಇದಕ್ಕೆ ಮೊಳಕೆ ರಾಗಿಯೇ ಮದ್ದು, ಅದರ ಹಿಟ್ಟು ಗಟ್ಟಿ ಸರಿಯನ್ನು ಸಡಿಲ ಮಾಡುತ್ತದೆ. ಆದರೆ ನನಗೆ ಮೂರು ಸಲ ಕೆಟ್ಟಿತು. ಮೊದಲ ಸಲ ಮೋಡ ಹಿಡಿದು ಒಣಗದೆ ಮುಗ್ಗಲು ವಾಸನೆ ಬಂತು. ಮೂರು ಕೇಜಿ, ಹತ್ತಿರ ಹತ್ತಿರ 120 ರೂಪಾಯಿ, ತಿಪ್ಪೆ ಪಾಲು. ಎರಡನೇ ಸಲ ಹುಳದ ಮನೆಯ ಹೀಟರ್ ಮುಂದೆ ಒಣಗಿಸೋಣ ಅಂತ ಹೊರಟೆ. ಹೆಂಡತಿ ಬೈದಳು. ಅಲ್ಲಿ ಔಷಧಿ ಹೊಡೆದಿರುತ್ತೇವಲ್ಲ, ಅವಳು ಹೇಳಿದ್ದೇ ಸರಿ. ವಾದ ಮುಗಿಯುವಷ್ಟರಲ್ಲಿ ಅದೂ ಹುಳಿ ಬಂತು. ಮೂರನೇ ಸಲ ಚೆನ್ನಾಗಿ ಒಣಗಿತು. ಅಮ್ಮ ಘಂ ಅನ್ನುವವರೆಗೆ ಹುರಿದುಕೊಟ್ಟರು. ಸರಿ ರುಚಿಯೇನೋ ಇತ್ತು, ಸಡಿಲ ಮಾತ್ರ ಆಗಲಿಲ್ಲ. ಜೋರಾಗಿ ಹುರಿದರೆ ಮೊಳಕೆಯ ಕಸುವು ಸತ್ತುಹೋಗುತ್ತದೆ ಅಂತ ಆಮೇಲೆ ತಿಳಿಯಿತು.

ಈಗ ಮಾಡುವುದು ಹೀಗೆ. ಮಾಮೂಲಿ ರಾಗಿ ಹಿಟ್ಟಿನಲ್ಲಿ ಗಟ್ಟಿಯಾಗಿಯೇ ಸರಿ ಬೇಯಿಸಿ ಇಳಿಸುತ್ತೇನೆ. ಕುದಿ ನಿಂತು, ಇನ್ನೂ ಕೈ ಸುಡುವಷ್ಟು ಬಿಸಿ ಇರುವಾಗ ಬಿಸಿಲಲ್ಲಷ್ಟೇ ಒಣಗಿಸಿದ ಮೊಳಕೆ ಹಿಟ್ಟು ಒಂದು ಚಮಚ ಹಾಕಿ ತಿರುವುತ್ತೇನೆ. ಐದು ನಿಮಿಷ ಬಿಟ್ಟರೆ ಸೌಟಿಗೆ ಅಂಟಿಕೊಂಡಿದ್ದ ಸರಿ ಜಾರಿ ಬೀಳುತ್ತದೆ. ಆಮೇಲೆ ಮತ್ತೆ ಒಂದು ಕುದಿ ಬರಿಸಲೇಬೇಕು, ಹಸಿ ಹಿಟ್ಟು ಅಲ್ವಾ. ಅದೇ ಬಟ್ಟಲಲ್ಲಿ ಮೊದಲಿಗಿಂತ ಸುಮಾರು ಎರಡರಷ್ಟು ಹಿಟ್ಟು ಹಿಡಿಯುತ್ತದೆ. ಮೇಲೆ ಅರ್ಧ ಚಮಚ ತುಪ್ಪ, ಹುರಿದು ನುಣ್ಣಗೆ ಪುಡಿ ಮಾಡಿದ ಕಡ್ಲೆಕಾಯಿ ಬೀಜ. ಮೊಳಕೆ ಎಷ್ಟು ಉದ್ದ ಬಂದಾಗ ಒಣಗಿಸಬೇಕು ಅನ್ನುವುದನ್ನು ಹೇಳಲ್ಲ. ನೀವೂ ಒಂದೆರಡು ಸಲ ಕೆಡಿಸಿಕೊಳ್ಳಿ! ಕಡ್ಲೆಕಾಯಿ ಪುಡಿಗೆ ನಾನು ಬೆರೆಸುವ ಇನ್ನೊಂದು ಕಾಳೂ ಗುಟ್ಟೇ.

ಮಧ್ಯಾಹ್ನಕ್ಕೆ ಬೇರೆ ಅಡುಗೆ ಬೇಡ. ಬಸ್ಸಾರಿಗೆ ಬೇಳೆ, ಸೊಪ್ಪು ಬೆಂದ ಮೇಲೆ, ಉಪ್ಪು ಖಾರ ಬೀಳುವ ಮುಂಚೆ ಒಂದು ಸೌಟು ತೆಗೆದಿಡಿ. ಅದನ್ನು ಕಿವುಚಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಗೋಲಿ ಗಾತ್ರದ ಮೆತ್ತನೆ ಮುದ್ದೆ ಜೊತೆ ಕೊಡಿ. ನುಗ್ಗೆಸೊಪ್ಪು ಇದ್ದರೆ ಇನ್ನೂ ಒಳ್ಳೇದು. ಸಂಜೆ ಮೊಸರನ್ನ, ಇಲ್ಲವೇ ದೋಸೆ ಮೇಲೆ ಒಡೆದು ಹಾಕಿದ ನಾಟಿ ಮೊಟ್ಟೆ. ಬೇಯಿಸಿದ ಮೊಟ್ಟೆಯ ಹಳದಿ ಮಾತ್ರ ಮಗು ಇವತ್ತಿಗೂ ಮುಟ್ಟಲ್ಲ. ಬಾಳೆಹಣ್ಣು, ಪಪ್ಪಾಯ ಮಾಮೂಲು. ದ್ರಾಕ್ಷಿ ನಮ್ಮ ಕಡೆ ಸುಲಭಕ್ಕೆ ಸಿಗುತ್ತದೆ ಅಂತ ಇಡಿಯಾಗಿ ಕೈಗೆ ಕೊಡಬೇಡಿ. ಉದ್ದಕ್ಕೆ ನಾಲ್ಕು ಸೀಳು ಮಾಡಿ. ನಮ್ಮಣ್ಣನ ಮಗನಿಗೆ ಒಮ್ಮೆ ಗಂಟಲಲ್ಲಿ ಸಿಕ್ಕಿಕೊಂಡು ಮನೆಯೆಲ್ಲಾ ನಡುಗಿತ್ತು.

ಹಿಪ್ಪುನೇರಳೆ ಹಣ್ಣನ್ನೂ ಕೊಟ್ಟು ನೋಡಿದೆ. ಔಷಧಿ ಮುಟ್ಟಿಸದ ಬದುವಿನ ಮರದ್ದು. ಮಗು ಖುಷಿಯಾಗಿ ತಿಂತು, ಅಂಗಿ ಕಲೆ ಮಾತ್ರ ಇನ್ನೂ ಹೋಗಿಲ್ಲ.

ಖರ್ಚು ಈಗ ತಿಂಗಳಿಗೆ ನಾನೂರು ಇರಬಹುದು, ಅದರಲ್ಲಿ ಮೊಟ್ಟೆಯದ್ದೇ ಜಾಸ್ತಿ. ಮೂರು ತಿಂಗಳಲ್ಲಿ ತೂಕ ಎಂಟೂಕಾಲು ಕೇಜಿ ದಾಟಿತು. ಅಂಗನವಾಡಿ ಟೀಚರ್ ತಕ್ಕಡಿ ಕೆಟ್ಟಿದೆಯೇನೋ ಅಂತ ಎರಡು ಸಲ ತೂಗಿದರು. ಅಮ್ಮ ಈಗ ಪಕ್ಕದ ಮನೆಯವರಿಗೆ "ಹುರೀಬೇಡಮ್ಮಾ, ಬಿಸಿಲಲ್ಲಿ ಒಣಗ್ಸು ಸಾಕು" ಅಂತ ಪಾಠ ಹೇಳುತ್ತಾರೆ.

ಸದ್ಯಕ್ಕೆ ಹಿತಕಿದ ಬೇಳೆ, ಅಂದರೆ ನೆನೆಸಿ ಸಿಪ್ಪೆ ಹಿಚುಕಿ ತೆಗೆದ ಅವರೆಕಾಳಿನ ಮೇಲೆ ಕೈ ಇಟ್ಟಿದ್ದೇನೆ. ಸೀಸನ್ ಇರುವಾಗ ಸರಿ, ಫೆಬ್ರವರಿ ಕಳೆದ ಮೇಲೆ ಅವರೆಕಾಯಿ ಎಲ್ಲಿಂದ ತರುವುದು? ಒಂದು ಸೇರು ಬೇಳೆ ಆವಿಯಲ್ಲಿ ಬೇಯಿಸಿ ಒಣಗಿಸಿಟ್ಟಿದ್ದೇನೆ. ಅರ್ಧ ಚೆನ್ನಾಗಿದೆ, ಇನ್ನರ್ಧ ಕಲ್ಲಾಗಿದೆ, ಮಿಕ್ಸಿ ಬ್ಲೇಡು ಆಗಲೇ ಒಂದು ಹೋಯಿತು.