ಓಪಿ ರಿಜಿಸ್ಟರಿನಿಂದ ಶುರುವಾಗುವ ಸಿಎಂಇ

ಐದು ವರ್ಷಕ್ಕೆ 30 ಕ್ರೆಡಿಟ್ ಅವರ್. ವೈದ್ಯರ ನೋಂದಣಿ ನವೀಕರಣಕ್ಕೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಕೇಳುವ ಸಿಎಂಇ, ಅಂದರೆ ಓದು ಮುಗಿದ ಮೇಲೂ ಮುಂದುವರಿಸಬೇಕಾದ ವೈದ್ಯಕೀಯ ಕಲಿಕೆ, ಇಷ್ಟು. ವರ್ಷಕ್ಕೆ ಆರು ಗಂಟೆ ಲೆಕ್ಕ. ಜಿಲ್ಲಾ ಕೇಂದ್ರದಲ್ಲಿ ಒಂದೆರಡು ಭಾನುವಾರ ಕುಳಿತೆದ್ದರೆ ಮುಗಿಯುತ್ತದೆ. ಆದರೆ ಭಾನುವಾರ ಕೇಳಿದ್ದು ಸೋಮವಾರದ ಓಪಿಯಲ್ಲಿ (ಹೊರರೋಗಿಗಳನ್ನು ನೋಡುವ ಹೊತ್ತಿನಲ್ಲಿ) ಕೈಹಿಡಿಯುವುದು ಅಪರೂಪ. ಹೃದ್ರೋಗ ತಜ್ಞರು ಹೊಸ ಸ್ಟೆಂಟಿನ ಬಗ್ಗೆ ಮಾತಾಡುತ್ತಾರೆ. ನಮ್ಮೆದುರು ಕುಳಿತವನಿಗೆ ಬೆಳಗಿನಿಂದ ಎದೆ ಉರಿ, ಇಸಿಜಿ ನಾರ್ಮಲ್. ಮನೆಗೆ ಕಳಿಸಬಹುದೇ ಎನ್ನುವುದು ನಮ್ಮ ಪ್ರಶ್ನೆ. ಹಾಗಾಗಿ ಮಲೆನಾಡಿನ ಒಂದು ತಾಲೂಕಿನಲ್ಲಿ ಪ್ರಾಕ್ಟೀಸ್ ಮಾಡುವ ನಾವು ಕೆಲವು ಜಿಪಿಗಳು (ಸಾಮಾನ್ಯ ವೈದ್ಯರು) ಕ್ರೆಡಿಟ್ಟಿನ ಕೆಲಸವನ್ನೂ ಕಲಿಕೆಯ ಕೆಲಸವನ್ನೂ ಬೇರೆ ಮಾಡಿಕೊಂಡೆವು. ಕಲಿಕೆಯ ವಿಷಯ ನಮ್ಮ ಓಪಿಯಿಂದಲೇ ಬರಬೇಕು ಎಂಬುದೊಂದೇ ನಿಯಮ.

ಸಭೆ ತಿಂಗಳಿಗೊಂದು, ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ಬೆಳಗಿನ ಓಪಿ ಮುಗಿದು ಸಂಜೆಯದು ಶುರುವಾಗುವ ನಡುವಿನ ಹೊತ್ತು. ರಾತ್ರಿ ಇಟ್ಟರೆ ಊಟ ಬರುತ್ತದೆ, ಊಟದ ಹಿಂದೆ ಔಷಧ ಕಂಪನಿಯ ಪ್ರತಿನಿಧಿ ಎಂಆರ್ ಬರುತ್ತಾರೆ, ವಿಷಯ ಅವರದಾಗುತ್ತದೆ. ಎಂಟರಿಂದ ಹತ್ತು ಜನ ಸಾಕು. ಹದಿನೈದು ದಾಟಿದರೆ ಹಿಂದಿನ ಸಾಲು ಹುಟ್ಟಿಕೊಳ್ಳುತ್ತದೆ.

ವಿಷಯ ಆರಿಸಲು ಮೇಜಿನ ಮೇಲೊಂದು ಸಣ್ಣ ನೋಟ್‌ಬುಕ್ ಬೇಕು. ರೋಗಿ ಎದ್ದುಹೋದ ತಕ್ಷಣ, ಗೊತ್ತಾಗದೆ ಉಳಿದದ್ದನ್ನು ಒಂದು ಸಾಲಿನಲ್ಲಿ ಬರೆಯಬೇಕು. ‘ಡಯಾಬಿಟಿಸ್’ ಎಂದು ಬರೆದರೆ ಪ್ರಯೋಜನವಿಲ್ಲ. ‘ಕ್ರಿಯಾಟಿನಿನ್ 1.8, ಮೆಟ್‌ಫಾರ್ಮಿನ್ ನಿಲ್ಲಿಸಬೇಕೇ, ಅರ್ಧ ಮಾಡಬೇಕೇ’ ಎಂದು ಬರೆದರೆ ಉತ್ತರ ಹುಡುಕಬಹುದು: ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗ) ಲೆಕ್ಕ ಹಾಕಿ, 30ಕ್ಕಿಂತ ಕೆಳಗಿದ್ದರೆ ನಿಲ್ಲಿಸಿ, 30ರಿಂದ 45ರೊಳಗಿದ್ದರೆ ಡೋಸ್ ಇಳಿಸಿ. ಸಂಜೆ ಬರೆಯೋಣ ಎಂದು ಬಿಟ್ಟರೆ ಪ್ರಶ್ನೆ ಮರೆತುಹೋಗಿ ವಿಷಯದ ಹೆಸರಷ್ಟೇ ಉಳಿದಿರುತ್ತದೆ. ತಿಂಗಳ ಕೊನೆಗೆ ಎಲ್ಲರ ಪುಸ್ತಕ ಒಟ್ಟಿಗೆ ತೆರೆದಾಗ ಮೂವರ ಪುಸ್ತಕದಲ್ಲೂ ಇರುವ ಪ್ರಶ್ನೆಯೇ ಮುಂದಿನ ಸಭೆಯ ವಿಷಯ.

ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದ ಸಂಗತಿ ನೋಟ್‌ಬುಕ್ಕಿಗೆ ಬರುವುದಿಲ್ಲ. ಅದಕ್ಕೆ ಔಷಧ ಚೀಟಿಗಳ ಆಡಿಟ್, ಅಂದರೆ ಎಣಿಸಿ ತಾಳೆ ನೋಡುವ ಕೆಲಸ, ಬೇಕು. ನಮ್ಮಲ್ಲಿ ಚೀಟಿ ರೋಗಿಯ ಜೊತೆಗೇ ಹೋಗಿಬಿಡುವುದರಿಂದ ಮೊದಲು ಕಾರ್ಬನ್ ಪ್ರತಿಯ ಪ್ಯಾಡ್ ಮಾಡಿಸಿ. ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ಹೆಸರಿನ ಮೇಲೆ ಕಾಗದ ಮುಚ್ಚಿ ತೆಗೆಯಿರಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಕೆಮ್ಮು, ನೆಗಡಿ, ಗಂಟಲುನೋವಿನ 40 ಚೀಟಿ ಸಾಕು, ಆದರೆ ಬಿಡದೆ ಸಾಲಾಗಿ ಬಂದ 40 ಇರಬೇಕು. ಆಯ್ದು ತೆಗೆದರೆ ಒಳ್ಳೆಯವೇ ಕೈಗೆ ಬರುತ್ತವೆ. ವಯಸ್ಸು, ತೂಕ, ಎಷ್ಟನೇ ದಿನದ ಜ್ವರ, ಆಂಟಿಬಯಾಟಿಕ್ ಕೊಟ್ಟಿದೆಯೇ, ಯಾವುದು, ಎಷ್ಟು ಡೋಸ್, ಎಷ್ಟು ದಿನ, ಕಾರಣ ಬರೆದಿದೆಯೇ: ಇವಿಷ್ಟು ಕಾಲಂ. ಕೊಟ್ಟ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಆಕ್ಸೆಸ್, ವಾಚ್, ರಿಸರ್ವ್ ವಿಂಗಡಣೆಯಲ್ಲಿ ಹಾಕಿ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಲೆಕ್ಸಿನ್ ಮೊದಲ ಆಯ್ಕೆಯಾಗಬೇಕಾದ ಆಕ್ಸೆಸ್ ಗುಂಪಿನವು. ನಾವು ಕೈಬೀಸಿ ಬರೆಯುವ ಅಜಿಥ್ರೊಮೈಸಿನ್, ಸೆಫಿಕ್ಸಿಮ್ ಎಚ್ಚರದಿಂದ ಬಳಸಬೇಕಾದ ವಾಚ್ ಗುಂಪಿನವು. ಗಂಟಲುನೋವಿಗೆ ನಾಲ್ಕು ಅಂಕ ನೋಡಿ: ಜ್ವರ, ಕೆಮ್ಮು ಇಲ್ಲದಿರುವುದು, ಕತ್ತಿನ ಮುಂಭಾಗದ ಗಂಟು ಮುಟ್ಟಿದರೆ ನೋವು, ಟಾನ್ಸಿಲ್ ಮೇಲೆ ಕೀವು ಅಥವಾ ಊತ. 3ರಿಂದ 14ರ ವಯಸ್ಸಿನವರಿಗೆ ಒಂದು ಅಂಕ ಸೇರಿಸಿ, 45 ದಾಟಿದವರಿಗೆ ಒಂದು ಕಳೆಯಿರಿ. ಸೊನ್ನೆ ಅಥವಾ ಒಂದು ಬಂದವರಿಗೆ ಆಂಟಿಬಯಾಟಿಕ್ ಬೇಡ.

ಜಾಸ್ತಿ ಬರೆಯುತ್ತೇವೆ ಎಂಬುದು ಎಲ್ಲರೂ ನಿರೀಕ್ಷಿಸುವ ಫಲಿತಾಂಶ. ಕಡಿಮೆ ಬರೆಯುವುದೂ ಇದೇ ಕಾಗದದಲ್ಲಿ ಕಾಣುತ್ತದೆ ಎನ್ನುವುದು ಹೆಚ್ಚು ಜನಕ್ಕೆ ಹೊಳೆಯುವುದಿಲ್ಲ. 12 ಕೆ.ಜಿ. ಮಗುವಿಗೆ ನ್ಯುಮೋನಿಯ ಎಂದು ತೀರ್ಮಾನಿಸಿ 125 ಮಿ.ಗ್ರಾಂ.ನ ಅಮಾಕ್ಸಿಸಿಲಿನ್ ಸಿರಪ್ 5 ಮಿ.ಲೀ. ಮೂರು ಹೊತ್ತು ಕೊಟ್ಟರೆ ದಿನಕ್ಕೆ ಹೋಗುವುದು 375 ಮಿ.ಗ್ರಾಂ. ಬೇಕಾದದ್ದು ಕೆ.ಜಿ.ಗೆ 40 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ, ಅಂದರೆ 960. 250ರ ಕರಗುವ ಮಾತ್ರೆ ಎರಡೆರಡು, ಐದು ದಿನ. ಅರ್ಧಕ್ಕೂ ಕಡಿಮೆ ಕೊಟ್ಟು, ‘ಅಮಾಕ್ಸಿಸಿಲಿನ್ ಕೆಲಸ ಮಾಡಲಿಲ್ಲ’ ಎಂದು ಸೆಫಿಕ್ಸಿಮ್‌ಗೆ ಏರುವುದು ಇಲ್ಲಿಂದಲೇ. ತೂಕದ ಕಾಲಂ ಖಾಲಿ ಇರುವ ಚೀಟಿಗಳಲ್ಲಿ ಇದು ಹೆಚ್ಚು. ಉಸಿರಾಟ ಎಣಿಸಿದ ಗುರುತೂ ಅಲ್ಲಿರುವುದಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50, ವರ್ಷದಿಂದ ಐದರೊಳಗಿನದಕ್ಕೆ 40 ಮುಟ್ಟಿದರೆ ವೇಗದ ಉಸಿರು.

ಬಿಪಿ ಆಡಿಟ್ಟಿಗೆ ಇನ್ನೂ ಸುಲಭದ ದಾರಿಯಿದೆ. ರಿಜಿಸ್ಟರಿನಲ್ಲಿ ರೀಡಿಂಗ್‌ಗಳ ಕೊನೆಯ ಅಂಕಿ ನೋಡುತ್ತ ಹೋಗಿ. ಮಾಪಕದ ಗೆರೆ 2 ಮಿ.ಮೀ.ಗೊಂದರಂತೆ ಇರುವುದರಿಂದ ಸೊನ್ನೆಯಲ್ಲಿ ಮುಗಿಯುವುದು ಐದರಲ್ಲಿ ಒಂದಿರಬೇಕು. ಪುಟದ ತುಂಬ 130/80, 140/90 ಇದ್ದರೆ ಅದು ಅಳತೆಯಲ್ಲ, ಅಂದಾಜು. ಅಂಥ ರಿಜಿಸ್ಟರ್ ಇಟ್ಟುಕೊಂಡು ಎಷ್ಟು ಜನರ ಬಿಪಿ 140/90ರ ಕೆಳಗಿದೆ ಎಂದು ಲೆಕ್ಕ ಹಾಕುವುದು ವ್ಯರ್ಥ. ಮೊದಲು ಅಳತೆ ಸರಿಯಾಗಲಿ: ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಕಾಲು ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಒಂದು ನಿಮಿಷ ಬಿಟ್ಟು ಎರಡನೆಯ ಬಾರಿ. ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ದೊಡ್ಡ ಕಫ್ ಒಂದನ್ನು ಎಲ್ಲ ಕ್ಲಿನಿಕ್ಕಿನವರೂ ಕೊಳ್ಳುವುದು ಒಂದು ಸಭೆಯ ಪೂರ್ತಿ ಫಲಿತಾಂಶವಾದರೆ, ಆ ಸಭೆ ಗೆದ್ದಂತೆ.

ಕೈಯಿಂದ ಮಾಡುವ ಕೆಲಸವನ್ನು ಕೈಯಿಂದಲೇ ಕಲಿಯಬೇಕು. ಹಾವು ಕಡಿತದ 20 ನಿಮಿಷದ ಪರೀಕ್ಷೆಗೆ ಸ್ಲೈಡ್ ತೋರಿಸುವುದಿಲ್ಲ. ಪ್ರತಿಯೊಬ್ಬರೂ ಮತ್ತೊಬ್ಬರಿಂದ ರಕ್ತ ತೆಗೆದು ಮಾಡುತ್ತೇವೆ. 2 ಮಿ.ಲೀ. ತಾಜಾ ರಕ್ತ, ಹೊಸದಾದ, ಒಣಗಿದ ಗಾಜಿನ ಟ್ಯೂಬು, ಅಲುಗಾಡಿಸದೆ 20 ನಿಮಿಷ, ಆಮೇಲೆ ಒಮ್ಮೆ ಮಾತ್ರ ಬಗ್ಗಿಸಿ ನೋಡುವುದು. ಹರಿದರೆ ಹೆಪ್ಪುಗಟ್ಟುವ ಶಕ್ತಿ ಹೋಗಿದೆ ಎಂದರ್ಥ. ಬೇಕೆಂದೇ ಒಂದು ಪ್ಲಾಸ್ಟಿಕ್ ಟ್ಯೂಬು, ಸೋಪಿನಲ್ಲಿ ತೊಳೆದ ಒಂದು ಗಾಜಿನ ಟ್ಯೂಬನ್ನೂ ಇಡುತ್ತೇವೆ. ಹೆಪ್ಪುಗಟ್ಟುವ ಕ್ರಿಯೆಯನ್ನು ಚುರುಕುಗೊಳಿಸುವುದು ಗಾಜಿನ ಮೇಲ್ಮೈ. ಪ್ಲಾಸ್ಟಿಕ್ಕಿನಲ್ಲಿ, ಸೋಪಿನ ಪದರವಿದ್ದಲ್ಲಿ ಆರೋಗ್ಯವಂತರ ರಕ್ತವೂ ನೀರಾಗಿಯೇ ಉಳಿಯಬಹುದು. ಅದನ್ನು ನಂಬಿ 10 ವಯಲ್ ಎಎಸ್‌ವಿ (ಹಾವಿನ ವಿಷದ ಪ್ರತಿವಿಷ) ಏರಿಸಿದರೆ ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿಯ ಅಪಾಯ ಪುಕ್ಕಟೆ. ಎಎಸ್‌ವಿ ಶುರುಮಾಡುವ ಮುನ್ನ 1:1000ದ ಅಡ್ರಿನಾಲಿನ್ 0.5 ಮಿ.ಲೀ. ಸಿರಿಂಜಿನಲ್ಲಿ ಎಳೆದಿಟ್ಟಿರಬೇಕು, ಕೊಡುವುದು ತೊಡೆಯ ಹೊರಭಾಗದ ಸ್ನಾಯುವಿಗೆ. ಪಶ್ಚಿಮ ಘಟ್ಟದವರಿಗೆ ಇನ್ನೊಂದು ಮಾತು: ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ ಮಾತ್ರ. ತೋಟದಲ್ಲಿ ಕಡಿಯುವ ಗೂನುಮೂತಿಯ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ವಯಲ್ ಮೇಲೆ ವಯಲ್ ಹಾಕುತ್ತ ಕೂರದೆ ಬೇಗ ರೆಫರ್ ಮಾಡಬೇಕಾದದ್ದು ಇಂಥಲ್ಲಿ.

ಇನ್‌ಹೇಲರ್ ತರಗತಿಯೂ ಹೀಗೆಯೇ. ಔಷಧವಿಲ್ಲದ ಪ್ಲಸೀಬೊ ಡಬ್ಬಿ ಹಿಡಿದು ಸದಸ್ಯರೇ ಎಳೆದು ತೋರಿಸಬೇಕು. ಒತ್ತಿ ಎಳೆಯುವ ಎಂಡಿಐ ನಿಧಾನವಾಗಿ ಆಳವಾಗಿ, 10 ಸೆಕೆಂಡ್ ಹಿಡಿತ, ಪುಡಿಯದು ಜೋರಾಗಿ. ಎರಡನ್ನೂ ಅದಲುಬದಲು ಮಾಡುವವರು ರೋಗಿಗಳಷ್ಟೇ ಅಲ್ಲ.

ತಜ್ಞರನ್ನು ಕರೆಯುವುದಿಲ್ಲ ಎಂದಲ್ಲ. ಹದಿನೈದು ದಿನ ಮೊದಲೇ ಮೂರು ಪ್ರಶ್ನೆ ಬರೆದು ಕಳಿಸುತ್ತೇವೆ, 20 ನಿಮಿಷ ಕೊಡುತ್ತೇವೆ, ಉಳಿದ ಹೊತ್ತು ಚರ್ಚೆ. ತಜ್ಞರು ಕಾಣುವ ಜ್ವರ ಏಳನೇ ದಿನದ್ದು, ನಾವು ಕಾಣುವುದು ಎರಡನೇ ದಿನದ್ದು; ಈ ಅಂತರವನ್ನು ಮೊದಲೇ ಹೇಳದಿದ್ದರೆ ಉಪನ್ಯಾಸ ಐಸಿಯುನಲ್ಲಿ ಮುಗಿಯುತ್ತದೆ. ಜ್ವರದ ಸಭೆಯಿಂದ ಹುಟ್ಟಿದ್ದು ದಿನದ ಲೆಕ್ಕದ ಒಂದು ಹಾಳೆ. ಮೊದಲ ಐದು ದಿನ ಡೆಂಗಿಗೆ ಎನ್‌ಎಸ್1 (ವೈರಸ್ಸಿನ ಪ್ರೋಟೀನ್ ಹುಡುಕುವ ಪರೀಕ್ಷೆ), ಆಮೇಲೆ ಐಜಿಎಂ (ಪ್ರತಿಕಾಯದ ಪರೀಕ್ಷೆ). ಮೂರನೇ ದಿನದ ಒಂಟಿ ವಿಡಾಲ್ ರಕ್ತಪರೀಕ್ಷೆ ನೋಡಿ ಟೈಫಾಯ್ಡ್ ಎನ್ನುವಂತಿಲ್ಲ. ಮೊದಲ ವಾರದಲ್ಲಿ ಬ್ಲಡ್ ಕಲ್ಚರ್, ಅದೂ ಆಂಟಿಬಯಾಟಿಕ್ ಶುರುವಾಗುವ ಮುಂಚೆ. ನುಸಿ ಕಡಿತದಿಂದ ಬರುವ ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆ ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ದಾರದ ಅಡಿ ಇರುತ್ತದೆ. ಬಟ್ಟೆ ಸರಿಸದೆ ಸಿಗದು. ಕಂಡರೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು, 48 ಗಂಟೆಯಲ್ಲಿ ಜ್ವರ ಇಳಿಯದಿದ್ದರೆ ರೋಗನಿರ್ಣಯವನ್ನೇ ಮತ್ತೆ ನೋಡಬೇಕು. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಿಬಂದವರ ಜ್ವರ, ಮೈಕೈ ನೋವು, ಇಳಿದ ಬಿಳಿ ರಕ್ತಕಣ, ಹತ್ತಿರದಲ್ಲಿ ಮಂಗ ಸತ್ತ ಸುದ್ದಿ: ಇವು ಸೇರಿದರೆ ಮಂಗನ ಕಾಯಿಲೆಯ ಶಂಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಿಂದ ಹೆಸರಾದ ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಡೈಕ್ಲೋಫೆನಾಕ್ ಚುಚ್ಚುವುದನ್ನು ಬಿಟ್ಟು, ಪ್ಯಾರಸಿಟಮಾಲ್ ಕೊಟ್ಟು, ಪಿಸಿಆರ್‌ಗೆ ಮೊದಲ ದಿನಗಳಲ್ಲೇ ಸ್ಯಾಂಪಲ್ ಹೋಗುವಂತೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಜ್ವರ ಬಿಟ್ಟು ಒಂದೆರಡು ವಾರಕ್ಕೆ ತಲೆನೋವು, ಗೊಂದಲದೊಂದಿಗೆ ಎರಡನೇ ಸುತ್ತು ಬರಬಹುದು ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿ. ಈ ಹಾಳೆಯನ್ನು ವರ್ಷಕ್ಕೆರಡು ಬಾರಿ, ಮಳೆ ಶುರುವಾಗುವ ಜೂನ್‌ನಲ್ಲಿ ಮತ್ತು ನವೆಂಬರಿನಲ್ಲಿ, ತಿದ್ದಿ ಕೆಳಗೆ ದಿನಾಂಕ ಹಾಕುತ್ತೇವೆ.

ಪ್ರತಿ ಸಭೆಯಿಂದ ಒಂದೇ ಬದಲಾವಣೆ. ಎರಡು ತಿಂಗಳಾದ ಮೇಲೆ ಅದೇ ಕಾಲಂಗಳಲ್ಲಿ ಮತ್ತೆ 40 ಚೀಟಿ. ಬಹಳ ಗುಂಪುಗಳು ಸೋಲುವುದು ಈ ಎರಡನೇ ಎಣಿಕೆಯಲ್ಲಿ. ಮೊದಲನೆಯದನ್ನು ಉತ್ಸಾಹ ಮಾಡಿಸುತ್ತದೆ, ಎರಡನೆಯದಕ್ಕೆ ಯಾರಾದರೂ ಒಬ್ಬರು ಫೋನ್ ಮಾಡಿ ಕಾಡಬೇಕು. ಆ ಕೆಲಸ ಸರದಿಯ ಮೇಲೆ ಇರಲಿ. ಅಂಕಿಗಳನ್ನು ಹೆಸರಿಲ್ಲದೆ ಎ, ಬಿ, ಸಿ ಎಂದು ತೋರಿಸಿ. ತನ್ನ ಅಕ್ಷರ ತನಗೆ ಮಾತ್ರ ಗೊತ್ತಿದ್ದರೆ ಸಾಕು. ಹೆಸರು ಹಾಕಿದರೆ ಮುಂದಿನ ಬಾರಿ ಚೀಟಿಗಳೇ ಚೆನ್ನಾಗಿ ಬರುತ್ತವೆ, ಚಿಕಿತ್ಸೆಯಲ್ಲ.

ಖರ್ಚು ಕಾಫಿ, ಟ್ಯೂಬು, ಜೆರಾಕ್ಸ್‌ನದಷ್ಟೇ, ಹಂಚಿಕೊಳ್ಳುತ್ತೇವೆ. 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರಾಟದ ಸಂಹಿತೆ ವಿದೇಶದ ಸಿಎಂಇಯನ್ನೂ ಉಡುಗೊರೆಯನ್ನೂ ತಡೆಯುತ್ತದೆ. ತಾಲೂಕಿನ ಹೋಟೆಲ್ ಊಟದ ಪ್ರಭಾವವನ್ನು ತಡೆಯಬೇಕಾದವರು ನಾವೇ.

ಕ್ರೆಡಿಟ್ ಬೇಕೆಂದರೆ ಈ ಗುಂಪಿನ ಹಾಜರಿ ಪುಸ್ತಕ ಸಾಲದು. ಭಾರತೀಯ ವೈದ್ಯಕೀಯ ಸಂಘದ (ಐಎಂಎ) ಶಾಖೆಯಂಥ ಸಂಸ್ಥೆಯ ಮೂಲಕ ಮುಂಚಿತವಾಗಿ ಅರ್ಜಿ ಹೋಗಿರಬೇಕು. ನಾವು ವರ್ಷಕ್ಕೊಂದೆರಡು ಸಭೆಗಳನ್ನು, ಹಾವು ಕಡಿತ ಮತ್ತು ಜ್ವರದವನ್ನು, ಶಾಖೆಯ ಕಾರ್ಯಕ್ರಮವಾಗಿಸುತ್ತೇವೆ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ನೋಂದಣಿ ಸಂಖ್ಯೆ, ಹೆಸರಿನ ಇನಿಷಿಯಲ್ ಸರಿಯಿದೆಯೇ ನೋಡಿ, ಸ್ಕ್ಯಾನ್ ಮಾಡಿಡಿ. ನವೀಕರಣದ ವರ್ಷ ಹಳೆಯ ಆಯೋಜಕರನ್ನು ಹುಡುಕಿಕೊಂಡು ಹೋದರೆ ಅಷ್ಟರಲ್ಲಿ ಶಾಖೆಯ ಪದಾಧಿಕಾರಿಗಳೇ ಬದಲಾಗಿರುತ್ತಾರೆ.