ದೂರದಲ್ಲಿ ಕೂತು ರೋಬೊದಿಂದ ಸ್ಕ್ಯಾನ್ ಮಾಡುವುದು: ನನ್ನ ಅನುಭವ

ನಾನು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಡಾಕ್ಟರ್. ಸ್ಕ್ಯಾನ್ ಮಾಡುವವರೇ ಇಲ್ಲದ ದೂರದ ಆಸ್ಪತ್ರೆಯೊಂದರ ರೋಗಿಗಳನ್ನು ರೋಬೊ ಮೂಲಕ ನೋಡುತ್ತೇನೆ. ಪ್ರೋಬ್ ಅಂದರೆ ಸ್ಕ್ಯಾನ್ ಮಾಡಲು ಮೈಮೇಲೆ ಇಟ್ಟು ಆಡಿಸುವ ಉಪಕರಣ. ನನ್ನ ಕೈಯಲ್ಲಿರುವುದು ಅದರ ಡಮ್ಮಿ. ಅದನ್ನು ಓರೆ ಮಾಡಿದರೆ, ರೋಗಿಯ ಹೊಟ್ಟೆ ಮೇಲಿರುವ ನಿಜವಾದ ಪ್ರೋಬೂ ಓರೆಯಾಗುತ್ತದೆ. ಓರೆ ಮಾಡುವುದು, ತಿರುಗಿಸುವುದು, ನಮ್ಮ ರೋಬೊಗೆ ಬರುವುದು ಇಷ್ಟೇ. ಜಾಗ ಬದಲಿಸಬೇಕೆಂದರೆ ಅದರ ಚೌಕಟ್ಟು ಹಿಡಿದು ನಿಂತ ಸಿಸ್ಟರೇ ಸರಿಸಬೇಕು. ಹಾಗಾಗಿ ಅರ್ಧ ಸ್ಕ್ಯಾನ್ ಅವರದ್ದೇ.

ಪಿತ್ತಕೋಶ ನೋಡುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ರೋಗಿ ಉಸಿರು ಎಳೆದು ಹಿಡಿದರೆ ಲಿವರ್ ಕೆಳಗಿಳಿದು, ಪಕ್ಕೆಲುಬಿನ ಮರೆಯಲ್ಲಿದ್ದ ಪಿತ್ತಕೋಶ ಕಾಣುತ್ತದೆ. ಮೊದಲೆಲ್ಲ ನಾನೇ ಇಲ್ಲಿಂದ "ಉಸಿರು ಹಿಡ್ಕೊಳ್ಳಿ" ಅನ್ನುತ್ತಿದ್ದೆ. ಮಾತು ಅಲ್ಲಿಗೆ ಹೋಗಿ, ಚಿತ್ರ ಇಲ್ಲಿಗೆ ಬರುವಷ್ಟರಲ್ಲಿ ವಯಸ್ಸಾದವರು ಉಸಿರು ಬಿಟ್ಟೇಬಿಡುತ್ತಿದ್ದರು. ಈಗ ಸಿಸ್ಟರ್ ಹೇಳುತ್ತಾರೆ, ನಾನು ಪ್ರೋಬ್ ಸಿದ್ಧವಾಗಿಟ್ಟುಕೊಂಡಿರುತ್ತೇನೆ. ಆಮೇಲೆ ಎಡಮಗ್ಗುಲಾಗಿಸಿದಾಗ, ಪಿತ್ತಕೋಶದೊಳಗೆ ಕಲ್ಲಿನಂತೆ ಕಂಡದ್ದು ಉರುಳಿದರೆ ಅದು ಕಲ್ಲೇ, ಅನುಮಾನವೇ ಇಲ್ಲ.

ಒತ್ತಡ ಮಾತ್ರ ನನ್ನ ಕೈಗೆ ತಿಳಿಯುವುದಿಲ್ಲ. ಪಿತ್ತಕೋಶದ ಮೇಲೇ ಒತ್ತಿದಾಗ ಜಾಸ್ತಿ ನೋವಾದರೆ ಉರಿಯೂತ ಇರಬಹುದು. ಅದಕ್ಕೇ ಇನ್ನೊಂದು ಕ್ಯಾಮೆರಾ ರೋಗಿಯ ಮುಖಕ್ಕೆ ಇಟ್ಟಿದ್ದೇವೆ. ಮುಖ ಕಿವುಚಿದ್ದು ನನಗೆ ಕಂಡರೆ ಸಾಕು.

ನೆಟ್‌ವರ್ಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2001ರ ಸೆಪ್ಟೆಂಬರ್ 7ರಂದು ಡಾ. ಜಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶವನ್ನು ರೋಬೊ ಮೂಲಕ ತೆಗೆದಾಗ, ಕೈ ಆಡಿಸಿದ್ದು ಪರದೆಯಲ್ಲಿ ಕಾಣುವವರೆಗಿನ ವಿಳಂಬ ಸುಮಾರು 155 ಮಿಲಿಸೆಕೆಂಡ್ ಮಾತ್ರ ಇತ್ತು. ಆದರೆ ಅದಕ್ಕೆಂದೇ ಮೀಸಲಾದ ಫೈಬರ್ ಲೈನ್ ಇತ್ತು, ರೋಗಿಯ ಪಕ್ಕದಲ್ಲೂ ಸರ್ಜನ್‌ಗಳಿದ್ದರು. ಸ್ಕ್ಯಾನಿಗೆ ಅಷ್ಟೆಲ್ಲ ಬೇಡ. ಒಂದೇ ಸಮನಾದ ವಿಳಂಬಕ್ಕೆ ಕೈ ಹೊಂದಿಕೊಳ್ಳುತ್ತದೆ. ಒಮ್ಮೆ ಬೇಗ, ಒಮ್ಮೆ ತಡವಾದರೆ ತಲೆ ಕೆಡುತ್ತದೆ. ಆಗ ಸುಮ್ನೆ ಒದ್ದಾಡದೆ ನಿಲ್ಲಿಸಿಬಿಡುತ್ತೇನೆ. ಚೌಕಟ್ಟು ಎತ್ತಿಬಿಡಿ ಅನ್ನೋಕೆ ಫೋನ್ ಲೈನ್ ಬೇರೆಯೇ ಇಟ್ಟಿದ್ದೇವೆ.

ಅಪಘಾತವಾಗಿ ಬಂದವರ ಹೊಟ್ಟೆಯಲ್ಲಿ ರಕ್ತ ಇದೆಯಾ ಅಂತ ನೋಡುವುದಕ್ಕೆ ರೋಬೊ ಜೋಡಿಸುತ್ತಾ ಕೂರಬಾರದು. ಅಲ್ಲಿನ ಡ್ಯೂಟಿ ಡಾಕ್ಟರಿಗೆ ಅಷ್ಟು ಸ್ಕ್ಯಾನ್ ಕಲಿಸುವುದೇ ವಾಸಿ, ಕಲಿಸುತ್ತಲೂ ಇದ್ದೇನೆ. ಕಿಡ್ನಿ, ಪಿತ್ತಕೋಶ, ಗರ್ಭಿಣಿಯರ ತಪಾಸಣೆ ರೋಬೊಗೆ ಒಗ್ಗುತ್ತವೆ. ಮೇದೋಜ್ಜೀರಕ ಗ್ಯಾಸಿನ ಹಿಂದೆ ಅಡಗಿದರೆ "ಕಾಣಲಿಲ್ಲ, ಸಿಟಿ ಸ್ಕ್ಯಾನ್ ಮಾಡಿಸಿ" ಅಂತಲೇ ರಿಪೋರ್ಟಿನಲ್ಲಿ ಬರೆಯುತ್ತೇನೆ.